ಎಂಜಿನ್ನಿಗೆ ಎಂಜಿನ್

ಕಳೆದ ವಾರ ಔರಾದಿಗೆ ಹೋಗುವಾಗ ಜನವಾಡದಲ್ಲಿ ಬಸ್ಸು ಪಂಕ್ಚರ್ ಆಯಿತು. ಬಿಸಿಲು ಜೋರಿತ್ತು. ಇಳಿದು ರಸ್ತೆ ಬದಿಯ ಗ್ಯಾರೇಜಿನ ತಗಡಿನ ನೆರಳಿಗೆ ನಿಂತೆ. ಒಳಗೆ ಒಬ್ಬಾತ ಬೋಗುಣಿಯಲ್ಲಿ ಸೀಮೆಎಣ್ಣೆ ಹಾಕಿಕೊಂಡು ಕಬ್ಬಿಣದ ಸಾಮಾನು ತೊಳೆಯುತ್ತಿದ್ದ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು, ಒರೆಸಿಕೊಳ್ಳಲು. ಕೈಗೆ ಏನೂ ಆಗಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ಇದೇ ವಾಸನೆ ನನ್ನ ಸೀರೆಯಲ್ಲಿ, ಉಗುರಿನ ಸಂದಿಯಲ್ಲಿ, ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ಸೇರಿಕೊಂಡಿತ್ತು. ಭಾಲ್ಕಿಯಲ್ಲಿ ನಾನು ಹೈಸ್ಕೂಲಿನ ಕನ್ನಡ ಟೀಚರು. ಸಂಧಿ ಸಮಾಸ ಹೇಳುವ ಟೀಚರಮ್ಮನ ಮೈಯಿಂದ ಮೆಕ್ಯಾನಿಕ್ ವಾಸನೆ ಬರುತ್ತದೆ ಎಂದು ಹಿಂದಿನ ಬೆಂಚಿನ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ನಕ್ಕರೆ ನಗಲಿ ಎಂದು ಬಿಟ್ಟಿದ್ದೆ. ಆ ವರ್ಷ ನನಗೆ ಯಾವುದೂ ತಟ್ಟುತ್ತಿರಲಿಲ್ಲ.

ಆ ವರ್ಷದ ಮಾರ್ಚಿನಲ್ಲಿ ನನ್ನ ಗಂಡ ಪ್ರಭಾಕರ್ ತೀರಿಕೊಂಡರು. ಬೀದರಿನಲ್ಲಿ ನಮ್ಮ ಮನೆ, ಅಲ್ಲೇ ಅವರದೊಂದು ಗ್ಯಾರೇಜು. ಕೆಲಸ ಮಾಡುತ್ತಿದ್ದವರು ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರಂತೆ, ಅಷ್ಟೇ. ನನಗೆ ಫೋನು ಬಂದಾಗ ಎಂಟನೇ ತರಗತಿಗೆ ಗಾದೆ ವಿಸ್ತರಣೆ ಬರೆಸುತ್ತಿದ್ದೆ. ಬರೆಸಿ ಮುಗಿಸಿಯೇ ಹೊರಟೆ. ಯಾಕೆ ಹಾಗೆ ಮಾಡಿದೆ ಎಂದು ಇವತ್ತಿಗೂ ಗೊತ್ತಿಲ್ಲ.

ಚರ್ಚಿನ ಹೆಂಗಸರು ಬಂದರು, ಹಾಡಿದರು, ಪ್ರಾರ್ಥನೆ ಮಾಡಿದರು, ನಡುನಡುವೆ ನನ್ನ ಕಣ್ಣು ನೋಡಿದರು. ಕಣ್ಣು ಒಣಗಿತ್ತು. "ಅತ್ತುಬಿಡು ಸುನಂದಾ, ಎದಿ ಹಗುರಾಗ್ತದ" ಎಂದು ಒಬ್ಬೊಬ್ಬರಾಗಿ ಬೆನ್ನು ಸವರಿದರು. ಅಳು ಕರೆದರೆ ಬರುವ ಆಳೇನೂ ಅಲ್ಲವಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ತುಟಿ ಹೇಗಿರುತ್ತದೋ ಹಾಗಿದ್ದೆ ನಾನು. ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತದೆ, ನನ್ನದು ಎಂದು ಗೊತ್ತಾಗುವುದಿಲ್ಲ. ಮಕ್ಕಳಿಲ್ಲದ ಮನೆ. ಅಡುಗೆ ಒಬ್ಬಳಿಗೇ ಮಾಡಿಕೊಂಡೆ, ಬಟ್ಟೆ ಒಬ್ಬಳದೇ ಒಗೆದುಕೊಂಡೆ, ಬೇಸಿಗೆ ರಜೆ ಮುಗಿದದ್ದೇ ಭಾಲ್ಕಿ ಬಸ್ಸು ಹತ್ತಿದೆ. ಎಲ್ಲರೂ ನನ್ನ ಧೈರ್ಯ ಹೊಗಳಿದರು. ಅದು ಧೈರ್ಯವಾಗಿರಲಿಲ್ಲ.

ಜೂನಿನಲ್ಲಿ ಗ್ಯಾರೇಜಿನ ಜಾಗದ ಮಾಲಕರು ಕರೆಸಿದರು. ಸಂತಾಪ ಹೇಳುತ್ತಲೇ ಟೇಪು ಬಿಚ್ಚಿ ಗೋಡೆ ಅಳೆಯುತ್ತಿದ್ದರು. "ಭಾಳ ಛಲೋ ಮನಶ್ಯಾ ಇದ್ರು ನೋಡ್ರಿ ಬಾಯಿ. ದಸರಾ ತನಕಾ ಟೈಮ್ ಕೊಡ್ತೇನಿ. ಆಮ್ಯಾಲ ಇಲ್ಲಿ ಟೈಲ್ಸ್ ಶೋರೂಮ್ ಚಾಲೂ ಮಾಡೂದದ. ಗಾಡಿ ತಾನೇ ಹೊಂಟು ಹೋದ್ರ ಛಲೋ ಆಯ್ತು, ಇಲ್ಲಾಂದ್ರ ಗುಜರಿಯವ್ರಿಗೆ ಹೇಳೇನಿ, ತುಂಡ ಮಾಡಿ ಒಯ್ತಾರ."

ಗಾಡಿ ಎಂದರೆ ಗ್ಯಾರೇಜಿನ ನಟ್ಟನಡುವೆ ನಿಂತಿದ್ದ ಉದ್ದನೆಯ ಅಮೇರಿಕನ್ ಕಾರು. ಎಷ್ಟೋ ಕಾಲದ ಹಿಂದೆ ಮಿಷನ್ ಆಸ್ಪತ್ರೆಗೆ ಬಂದಿದ್ದ ಪರದೇಶದ ಡಾಕ್ಟರು ಹಡಗಿನಲ್ಲಿ ತರಿಸಿಕೊಂಡದ್ದು. ವಾಪಸು ಹೋಗುವಾಗ ತಮ್ಮ ಡ್ರೈವರನಿಗೆ, ಅಂದರೆ ನನ್ನ ಮಾವನಿಗೆ, ಬಿಟ್ಟು ಹೋಗಿದ್ದರು. ಊರವರು ಅದನ್ನು ಜಹಾಜ್, ಅಂದರೆ ಹಡಗು, ಎಂದೇ ಕರೆಯುತ್ತಿದ್ದರು. ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆಯ ಮದುಮಕ್ಕಳನ್ನು ಅದು ಹೊತ್ತಿದೆ. ಚರ್ಚಿನ ಮದುವೆ, ನಿಕಾಹ್, ಬುದ್ಧವಿಹಾರದ ಮದುವೆ, ಅಕ್ಷತೆಯ ಮದುವೆ, ಯಾವುದಕ್ಕೂ ಇಲ್ಲ ಎಂದದ್ದಿಲ್ಲ. ಮದುವೆ ಇಲ್ಲದ ದಿನ ಅದೇ ನಮ್ಮ ಮನೆಯ ಗಾಡಿ. ಗ್ಯಾರೇಜಿಗೂ ಮನೆಗೂ ಪ್ರಭಾಕರ್ ಅದರಲ್ಲೇ ಓಡಾಡುತ್ತಿದ್ದರು.

ಅದರ ಹುಟ್ಟಾ ಎಂಜಿನ್ ಆರು ಸಿಲಿಂಡರಿನ ಪೆಟ್ರೋಲಿನದು. ಅದು ಕುಡಿಯುವ ಪೆಟ್ರೋಲಿಗೆ ಹೆದರಿ ನನ್ನ ಮಾವ, ನಾನು ಸೊಸೆಯಾಗಿ ಬರುವ ಮೊದಲೇ, ಅದನ್ನು ತೆಗೆದು ಟೆಂಪೋ ಒಂದರ ಡೀಸೆಲ್ ಎಂಜಿನ್ ಕೂಡಿಸಿದ್ದರು. ಆಗ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದದ್ದು ಅದೇ. ಹಳೆಯ ಎಂಜಿನ್ನು ಔರಾದ್ ತಾಲೂಕಿನ ಡಾಬಕಾದಲ್ಲಿ ಗುಂಡಪ್ಪ ಎಂಬ ಗೆಳೆಯನ ಬಾವಿಗೆ ಹೋಯಿತು. ಸೀಮೆಎಣ್ಣೆ ಕುಡಿದು ನೀರು ಎತ್ತುತ್ತಿತ್ತಂತೆ. ಮಾವನಿಗೆ ಕೊನೆಯವರೆಗೂ ಅದೊಂದು ಕೊರಗು. ಆ ಕೊರಗು ಆಸ್ತಿಯ ಹಾಗೆ ಮಗನಿಗೆ ಬಂತು. ಸಾಯುವ ಹಿಂದಿನ ದಿನವಷ್ಟೇ ಪ್ರಭಾಕರ್ ಕಾರಿನಿಂದ ಡೀಸೆಲ್ ಎಂಜಿನ್ ಬಿಚ್ಚಿ ಸರಪಳಿ ರಾಟೆಗೆ ಎತ್ತಿ ಕಟ್ಟಿದ್ದರು. ಜೂನಿನಲ್ಲಿ ನಾನು ಹೋಗಿ ನೋಡಿದಾಗಲೂ ಅದು ಅಲ್ಲೇ ನೇತಾಡುತ್ತಿತ್ತು. ಕೆಳಗೆ ಇಳಿಸಲು ಯಾರಿಗೂ ಮನಸ್ಸಾಗಿರಲಿಲ್ಲ.

"ಎರಡು ದಿನದ ಕೆಲಸ ಭಾಭಿ. ಇದನ್ನ ತಿರುಗಿ ಕೂಡಿಸಿ ಗಾಡಿ ನಿಮ್ಮ ಮನಿ ಮುಂದ ತಂದು ನಿಲ್ಲಸ್ತೇನಿ" ಎಂದರು ರಶೀದ್. ರಶೀದ್ ಮತ್ತು ಪ್ರಭಾಕರ್ ಮೀಸೆ ಮೂಡುವ ವಯಸ್ಸಿನಿಂದ ಒಂದೇ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು.

"ಬ್ಯಾಡ್ರಿ" ಎಂದೆ.

"ಯಾಕ್ರಿ?"

"ಅವರು ಬಿಚ್ಚಿದ್ದನ್ನ ನಾವು ತಿರುಗಿ ಹಚ್ಚಬಾರದು. ಅವರು ಏನ್ ಕೂಡಿಸಬೇಕಂತ ಬಿಚ್ಚಿದ್ರೋ ಅದನ್ನೇ ಕೂಡಿಸೂಣು."

ರಶೀದ್ ನನ್ನ ಮುಖ ನೋಡಿದರು. "ಭಾಭಿ, ಡಾಬಕಾದಾಗ ಅದು ಇಪ್ಪತ್ತು ವರ್ಷ ಆತು ಬಂದ್ ಬಿದ್ದು. ಮಳಿ ಹೊಡದದ, ಜಂಗ ತಿಂದದ."

"ಇರ್ಲಿ."

ಪ್ರೀತಿಯಿಂದ ಹೇಳಿದ ಮಾತಲ್ಲ ಅದು. ಪ್ರೀತಿ ಎಲ್ಲಿದೆ ಎಂದು ಹುಡುಕಿದರೂ ಆಗ ನನಗೆ ಸಿಗುತ್ತಿರಲಿಲ್ಲ. ಅವರ ಕೈಯಿಂದ ಆದ ಕೊನೆಯ ಕೆಲಸ ಆ ಬಿಚ್ಚುವಿಕೆ. ಅದನ್ನು ಮುಂದಕ್ಕೆ ಒಯ್ಯಬೇಕು, ಹಿಂದಕ್ಕೆ ತಿರುಗಿಸಬಾರದು. ಅಷ್ಟು ಮಾತ್ರ ಗೊತ್ತಿತ್ತು. ದಸರಾದ ಒಳಗೆ ಗಾಡಿ ತನ್ನ ಎಂಜಿನ್ನಿನಿಂದ ತಾನೇ ಹೊರಗೆ ಹೋಗಬೇಕು, ಇಲ್ಲವೇ ತುಂಡಾಗಿ ಹೋಗುತ್ತದೆ. ಹಟ ಹಿಡಿದೆ ಎನ್ನಿ.

ಜುಲೈನ ಒಂದು ಭಾನುವಾರ ಆರಾಧನೆ ತಪ್ಪಿಸಿ ರಶೀದ್ ಜೊತೆ ಔರಾದ್ ಬಸ್ಸು ಹಿಡಿದೆ. ಮಂಜ್ರಾ ಕೆಂಪಗೆ ತುಂಬಿ ಹರಿಯುತ್ತಿತ್ತು. ಸೋಯಾ, ಉದ್ದು ಮೊಣಕಾಲೆತ್ತರ ಬೆಳೆದು ಹೊಲಗಳೆಲ್ಲ ಹಸಿರಾಗಿದ್ದವು. ಹಸಿರು ಎಂದು ನೋಡಿದೆ, ಚೆಂದ ಎಂದು ಅನಿಸಲಿಲ್ಲ. ಔರಾದಿನಿಂದ ಮುಂದೆ ಟಂಟಂ ಆಟೋ. ರಶೀದರ ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕಬ್ಬಿಣದ ತುಂಡಿತ್ತು. ಎಂಜಿನ್ನನ್ನು ಗಾಡಿಗೆ ಕಚ್ಚಿ ಹಿಡಿಯುವ ಕಿವಿ ಅದು. ಹಿಂದೆ ಮಾವ ಪೆಟ್ರೋಲ್ ಎಂಜಿನ್ ಎತ್ತುವಾಗ ಬೋಲ್ಟು ಜಂಗು ಹಿಡಿದು ಬಿಚ್ಚಿಕೊಳ್ಳದೆ, ಎಳೆದ ರಭಸಕ್ಕೆ ಆ ಕಿವಿ ಮುರಿದು ಗಾಡಿಯಲ್ಲೇ ಉಳಿದಿತ್ತಂತೆ. ಎಂಜಿನ್ ಸಿಕ್ಕರೆ ಇದನ್ನು ಬೆಸೆಯಬೇಕಲ್ಲ ಎಂದು ರಶೀದ್ ಬಿಚ್ಚಿ ತಂದಿದ್ದರು.

ಗುಂಡಪ್ಪ ಈಗಿಲ್ಲ. ಅವರ ಹೆಂಡತಿ ಸೋನಾಬಾಯಿ ಅಂಗಳದಲ್ಲಿ ಬೇಳೆ ಹಸನು ಮಾಡುತ್ತಾ ಕೂತಿದ್ದರು. ಒಳಗಿನ ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಬುದ್ಧನ ಪಟ, ಪಕ್ಕದಲ್ಲಿ ಗುಂಡಪ್ಪನವರದು. ರಶೀದ್ ಗುರುತು ಹೇಳಿದ್ದೇ ಸೋನಾಬಾಯಿಯ ಮುಖ ಅರಳಿತು. "ಬರ್ರಿ, ಕುಂದ್ರಿ. ಪ್ರಭಾಕರಣ್ಣ ಬರ್ಲಿಲ್ಲೇನ್ರಿ? ಸಂಕ್ರಾಂತಿ ಮುಂದ ಬಂದಿದ್ರು. ಎಳಿ ಜ್ವಾಳದ ಸೀತನಿ ತಿಂದ್ರು. ಎಂಜಿನ್ ಕೊಡ್ತೇನಿ ಒಯ್ಯಪ್ಪಾ ಅಂದಿದ್ದೆ. ಮತ್ತ ಬರ್ತೇನಿ ಅಂತ ಹೇಳಿ ಹೋದ್ರು, ಬರ್ಲೇ ಇಲ್ಲ."

"ಅವರು ಹೋಗಿಬಿಟ್ರು" ಎಂದೆ. "ಮಾರ್ಚ್‌ದಾಗ."

ಮೊರ ಸೋನಾಬಾಯಿಯ ಕೈಯಿಂದ ಜಾರಿತು. ಎರಡು ಮೂರು ಸಲ ನೋಡಿದ ಮನುಷ್ಯನಿಗಾಗಿ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಅವರ ಕೊಡದಿಂದಲೇ ನೀರು ತಂದು ಅವರಿಗೆ ಕುಡಿಸಿದೆ, ಬೆನ್ನು ಸವರಿದೆ. ಗಂಡನನ್ನು ಕಳೆದುಕೊಂಡವಳು ನಾನು, ಸಮಾಧಾನ ಮಾಡುತ್ತಿದ್ದವಳೂ ನಾನು. ಅದು ವಿಚಿತ್ರ ಎಂದು ಆಗ ಹೊಳೆಯಲೂ ಇಲ್ಲ. ಈ ಹೆಂಗಸಿಗೆ ಎಷ್ಟು ಸಲೀಸಾಗಿ ಅಳು ಬರುತ್ತದಲ್ಲ ಎಂದು ಮಾತ್ರ ಅನಿಸಿತು.

ಎಂಜಿನ್ ಬಾವಿಯ ಪಕ್ಕ ಸಿಮೆಂಟಿನ ಕಟ್ಟೆಯ ಮೇಲೆ ಕೂತಿತ್ತು, ನೀಲಿ ಬಣ್ಣದಲ್ಲಿ. ಪ್ರತಿ ವರ್ಷ ಬಾಬಾಸಾಹೇಬರ ಜಯಂತಿಗೆ ಧ್ವಜದ ಕಂಬಕ್ಕೆ ಬಳಿದು ಉಳಿದ ಬಣ್ಣವನ್ನು ಇದಕ್ಕೂ ಬಳಿಯುವುದು ಆ ಮನೆಯ ಪದ್ಧತಿಯಂತೆ. ರಶೀದ್ ಬಣ್ಣ ಕೆರೆದು ನೋಡಿ ಖುಷಿಯಾದರು. "ಭಾಭಿ, ಈ ಬಣ್ಣನೇ ಇದನ್ನ ಉಳಿಸ್ಯಾದ. ಇಲ್ಲಾಂದ್ರ ಜಂಗ ತಿಂದು ಹಾಕ್ತಿತ್ತು." ಆಮೇಲೆ ನಂಬರು ಹುಡುಕತೊಡಗಿದರು. ಔರಾದ್ ಸೀಮೆಯಲ್ಲಿ ಆ ಕಾಲದಲ್ಲಿ ಇಂಥ ಎಂಜಿನ್ನುಗಳು ಬಾವಿಯಿಂದ ಬಾವಿಗೆ ಅದಲು ಬದಲಾಗುತ್ತಿದ್ದವು. ಇದು ನಮ್ಮ ಕಾರಿನದೇ ಎಂದು ಖಾತ್ರಿಯಾಗದೆ ಮಳೆಯಲ್ಲಿ ಹೊತ್ತುಕೊಂಡು ಹೋಗಿ, ಅಲ್ಲಿ ತೂತಿಗೆ ತೂತು ಕೂಡದಿದ್ದರೆ? ಎಂಜಿನ್ನಿನ ಪಕ್ಕೆಯಲ್ಲಿ ನಂಬರು ಒತ್ತಲೆಂದೇ ಮಾಡಿದ ನುಣುಪಾದ ಪಟ್ಟಿ ಇರುತ್ತದೆ. ಇದರಲ್ಲೂ ಇತ್ತು. ಅದರ ಮೇಲಿನ ಬಣ್ಣ ಕೆರೆದಾಗ ಕಂಡದ್ದು ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ: ಸುಜಾತಾ.

"ನನ್ನ ಮಗಳ್ರೀ" ಎಂದರು ಸೋನಾಬಾಯಿ. "ಆಕಿ ಲಗ್ನಕ್ಕ ಭಾಂಡಿ ತಂದಿದ್ವಿ. ಹೆಸರ ಹಾಕಾಂವ ಬಂದಿದ್ದ. ಕೊಡ, ಪರಾತ, ತಂಬಗಿ ಎಲ್ಲಾಕ್ಕೂ ಹೆಸರ ಹಾಕಿದ. ನಮ್ಮ ಮನಿಯವ್ರು, ಈ ಎಂಜಿನ್ ನೀರ ಎತ್ತಿದ್ದಕ್ಕೇ ಕಬ್ಬ ಆತು, ಕಬ್ಬಿಗೇ ಲಗ್ನಾ ಆತು, ಇದಕ್ಕೂ ಹಾಕು ಅಂದ್ರು. ಎಲ್ಲಾ ಕಡಿ ಗಂಟ ಗಂಟ. ಇದೊಂದ ಜಾಗಾ ಸಪಾಟ ಇತ್ತು."

"ಇಲ್ಲಿ ನಂಬರ್ ಇತ್ತಲ್ರೀ ಅವ್ವಾ?" ರಶೀದರ ದನಿ ಅಳುವ ಹಾಗಿತ್ತು.

"ಏನೋ ಇತ್ತಪ್ಪಾ ಇಂಗ್ರೇಜಿದಾಗ. ಅರ ಹಾಕಿ ತಿಕ್ಕಿದ್ರು. ನಂಬರ್ ನೋಡಿ ಯಾರ್ದಂತ ಯಾರಿಗೆ ಗೊತ್ತಾಗ್ತದ? ಹೆಸರ ಇದ್ರ ಗೊತ್ತಾಗ್ತದ."

ರಶೀದ್ ತಲೆಗೆ ಕೈ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತರು. ನಾನು ಅವರ ಚೀಲದಿಂದ ಆ ಕಿವಿಯ ತುಂಡು ತೆಗೆದೆ. ಮಾಡಲು ಬೇರೇನೂ ಇರಲಿಲ್ಲ, ಅದಕ್ಕೆ. ಎಂಜಿನ್ನಿನ ಮುಂದೆ ಎಡಗಡೆಯ ಕಿವಿ ಇರಲಿಲ್ಲ, ಹಳೆಯ ಗಾಯ ಮಾತ್ರ ಇತ್ತು. ತುಂಡನ್ನು ಅಲ್ಲಿಗೆ ಹಿಡಿದೆ. ಮುರಿದ ರೊಟ್ಟಿಯ ಎರಡು ಚೂರು ಕೂಡಿದ ಹಾಗೆ ಏರಿಗೆ ಇಳಿ, ಇಳಿಗೆ ಏರು ಕಚ್ಚಿಕೊಂಡಿತು. ಕೈ ಬಿಟ್ಟರೂ ಒಂದು ಕ್ಷಣ ಅಲ್ಲೇ ನಿಂತಿತು. ರಶೀದ್ "ಯಾ ಅಲ್ಲಾ" ಎಂದು ಎದ್ದು ಬಂದರು. ಮುರಿದದ್ದೇ ಗುರುತಾಯಿತು. ನಂಬರಿನ ಹಂಗು ಉಳಿಯಲಿಲ್ಲ.

ಆದರೆ ತೊಡಕು ಬೇರೆ ಇತ್ತು. ಆ ಸೀಮೆಯಲ್ಲಿ ಹೆಸರು ಹಾಕಿದ ವಸ್ತು ಹೆಸರಿನವರದು. ಕೊಡುತ್ತೇನೆ ಎಂದು ಸೋನಾಬಾಯಿ ನಾಲಿಗೆ ಕೊಟ್ಟಿದ್ದರೂ ಮಗಳನ್ನು ಕೇಳದೆ ಅದು ಅಂಗಳ ದಾಟುವಂತಿರಲಿಲ್ಲ. ಸುಜಾತಾ ಔರಾದಿನ ಆಸ್ಪತ್ರೆಯೊಂದರಲ್ಲಿ ನರ್ಸು. ಫೋನು ಹೋದ ಸ್ವಲ್ಪ ಹೊತ್ತಿಗೆ ಸ್ಕೂಟಿ ಮೇಲೆ, ರೇನ್‌ಕೋಟ್ ಹಾಕಿಕೊಂಡು ಬಂದಳು. ಚುರುಕು ಹೆಂಗಸು. ಎಲ್ಲ ಕೇಳಿಸಿಕೊಂಡು ಹೇಳಿದಳು, "ಹೆಸರು ನನ್ನದಿದ್ರ ಮಾಲಕಳೂ ನಾನೇ ಅಲ್ರೀ ಟೀಚರ್? ಹಂಗಾದ್ರ ಮಾತ ನನ್ನ ಕೂಡ ಆಡ್ರಿ."

"ಹೇಳಮ್ಮಾ, ಏನ್ ಬೇಕು?"

"ರೊಕ್ಕ ಬ್ಯಾಡ್ರಿ. ಕರೆಂಟ್ ಯಾವಾಗ ಬರ್ತದೋ ಯಾವಾಗ ಹೋಗ್ತದೋ, ನಮ್ಮ ಕಬ್ಬು ಬಾಯಿ ತಕ್ಕೊಂಡು ನಿಂದರ್ತದ. ನಿಮ್ಮ ಕಡಿ ಒಂದು ಡೀಸೆಲ್ ಎಂಜಿನ್ ಖಾಲಿ ಆಗ್ತದ ಅಂತ ಪ್ರಭಾಕರಣ್ಣ ಅವ್ವಗ ಹೇಳಿದ್ರಂತ. ಎಂಜಿನ್ನಿಗೆ ಎಂಜಿನ್. ಅದನ್ನ ಇಲ್ಲಿ ತಂದು ಕೂಡಿಸ್ರಿ, ಇದನ್ನ ಒಯ್ರಿ."

ಡೀಸೆಲ್ ಎಂಜಿನ್ ಬಂಗಾರದಂಥದು, ಈಗಿನ ಕಾಲಕ್ಕೆ ಸಿಗುವುದಿಲ್ಲ ಎಂದು ರಶೀದ್ ಸನ್ನೆ ಮಾಡುತ್ತಿದ್ದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಸರಪಳಿಗೆ ನೇತಾಡುವ ಆ ಕಬ್ಬಿಣದಿಂದ ನನಗೇನಾಗಬೇಕು? "ಆಯ್ತಮ್ಮಾ" ಎಂದೆ. ಅದೇ ವಾರ ಬಾಡಿಗೆಯ ಗೂಡ್ಸ್ ಆಟೋದಲ್ಲಿ ಒಂದು ಎಂಜಿನ್ ಹೋಯಿತು, ಇನ್ನೊಂದು ಬಂತು. ಡೀಸೆಲ್ ಎಂಜಿನ್ ಹಗ್ಗ ಬಿಗಿಸಿಕೊಂಡು ರಸ್ತೆಯ ತಿರುವು ದಾಟುವಾಗ ನಾನು ಬಾಗಿಲಲ್ಲಿ ನಿಂತು ಶೇಂಗಾ ತಿನ್ನುತ್ತಿದ್ದೆ. ಅಷ್ಟು ಚೆನ್ನಾಗಿ ನೆನಪಿದೆ.

ಆಮೇಲೆ ಶುರುವಾಯಿತು ನೋಡಿ ಕೆಲಸ. ದಿನಾ ಸಂಜೆ ಭಾಲ್ಕಿ ಬಸ್ಸು ಇಳಿದು ನೇರ ಗ್ಯಾರೇಜಿಗೆ. "ಪ್ರಭಾಕರನ ಹೇಣ್ತಿ ಗ್ಯಾರೇಜಿನ್ಯಾಗ ಸ್ಪ್ಯಾನರ್ ಹಿಡ್ಕೊಂಡು ಕುಂದರ್ತಾಳಂತ" ಎಂದು ಚರ್ಚಿನಲ್ಲಿ ಮಾತಾಯಿತು. ಒಬ್ಬರು ಹಿರಿಯರು ಬುದ್ಧಿ ಹೇಳಲು ಬಂದವರು, ರಶೀದ್ ಕೈಗೆ ಟಾರ್ಚು ಕೊಟ್ಟು ಸ್ವಲ್ಪ ಹಿಡೀರಿ ಎಂದದ್ದಕ್ಕೆ ಹಿಡಿದುಕೊಂಡು ನಿಂತು, ಬುದ್ಧಿ ಹೇಳುವುದು ಮರೆತು ಹೋದರು.

ಎಂಜಿನ್ ಒಳಗೆ ಪಿಸ್ಟನ್ನುಗಳು ಕಚ್ಚಿಕೊಂಡು ಕೂತಿದ್ದವು. ಪ್ಲಗ್ಗಿನ ತೂತುಗಳಿಗೆ ಸೀಮೆಎಣ್ಣೆ, ಡೀಸೆಲ್ ಬೆರೆಸಿ ಸುರಿದು ಕಾಯುವುದು, ಉದ್ದನೆಯ ಪಾನಾ, ಅಂದರೆ ಸ್ಪ್ಯಾನರ್, ಹಚ್ಚಿ ತಿರುಗಿಸಿ ನೋಡುವುದು, ಅಲುಗದಿದ್ದರೆ ಮತ್ತೆ ಸುರಿದು ಮನೆಗೆ ಹೋಗುವುದು. ಜುಲೈ ಹೀಗೇ ಹೋಯಿತು. ಹೊರಗೆ ಮಳೆ ಬಿಡದೆ ಹೊಡೆಯುತ್ತಿತ್ತು, ಕೆಂಪು ನೀರು ಹೊಸ್ತಿಲ ತನಕ ಬಂದು ಹೋಗುತ್ತಿತ್ತು. ಆಗಸ್ಟಿನಲ್ಲಿ ಒಂದು ಸಂಜೆ ಪಾನಾ ನನ್ನ ಕೈಯಲ್ಲಿದ್ದಾಗ ಕಡಕ್ ಎಂದು ಉಗುರಿನಷ್ಟು ಸರಿಯಿತು. ನನ್ನ ತೋಳೇ ಸರಿದಿರಬೇಕು ಎಂದುಕೊಂಡೆ. ರಶೀದ್ ಕುಣಿದಾಡಿಬಿಟ್ಟರು. ನಾನು ಗಡಿಯಾರ ನೋಡಿ, ಹಾಲು ತರಬೇಕು ಎಂದು ಹೊರಟೆ.

ನನ್ನ ಪಾಲಿಗೆ ಬಂದ ಕೆಲಸ ತೊಳೆಯುವುದು, ಜೋಡಿಸಿ ಇಡುವುದು. ಒಂದೊಂದು ವಾಲ್ವೂ ತಾನಿದ್ದ ಮನೆಗೇ ವಾಪಸು ಹೋಗಬೇಕಂತೆ. ಅಕ್ಕಪಕ್ಕದ್ದು ಅದಲು ಬದಲಾದರೆ ಸವೆತ ಕೂಡುವುದಿಲ್ಲ, ಸೋರುತ್ತದೆ. ಮೊಟ್ಟೆಯ ಟ್ರೇ ತಂದು ಅದರ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿದೆ. ಪಿಸ್ಟನ್ನಿನ ರಿಂಗುಗಳು ಹೈದರಾಬಾದಿನಲ್ಲೂ ಸಿಗಲಿಲ್ಲ. ಬೇರೆ ಗಾಡಿಯವನ್ನು ತಂದು ಅಳತೆಗೆ ಅರ ಹಾಕಿ ಹಾಕಿ ರಶೀದ್ ಕೂಡಿಸಿದರು. ಇಷ್ಟೆಲ್ಲ ಆದರೂ ಕಾರ್ಬುರೇಟರ್ ಇರಲಿಲ್ಲ. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಸಾಮಾನನ್ನು ಮಾವ, ಬಾವಿಗೆ ಸೀಮೆಎಣ್ಣೆಯದು ಬೇರೆ ಹಚ್ಚಿ, ಬಹಳ ಹಿಂದೆಯೇ ಭಾಲ್ಕಿಯ ಯಾರದೋ ಜೀಪಿಗೆ ಕೊಟ್ಟಿದ್ದರಂತೆ. ರಶೀದ್ ಚಿತ್ರ ತೋರಿಸಿ ಹೀಗಿರುತ್ತದೆ ಎಂದಾಗ, ಇದನ್ನು ನಾನು ನೋಡಿದ್ದೇನೆ ಎಂದೆ. ನಾನು ಸೀರೆ ಕೊಳ್ಳುವ ಭಾಲ್ಕಿಯ ಬಟ್ಟೆ ಅಂಗಡಿಯಲ್ಲಿ ಅದು ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಟ್ಟದ್ದಾಗಿತ್ತು. ಅಂಗಡಿಯವರ ತಂದೆಗೆ ಹಿಂದೆ ಜೀಪಿತ್ತು. "ಇದೇನ್ರಿ ಟೀಚರ್, ಸೀರಿ ಬಿಟ್ಟು ಇದನ್ನ ಕೇಳ್ತೀರಿ?" ಎಂದು ನಕ್ಕು, ಬದಲಿಗೆ ಒಂದು ಇಟ್ಟಿಗೆ ತಂದುಕೊಡಿ ಎಂದರು. ಒಂದು ಇಟ್ಟಿಗೆಗೆ ಹಳೇ ಪೇಪರು ಸುತ್ತಿ ಶಾಲೆಯ ಚೀಲದಲ್ಲಿ ಹೊತ್ತು ಒಯ್ದು ಕೊಟ್ಟೆ. ಆ ಮಳೆಗಾಲದಲ್ಲಿ ನನಗೆ ನಗು ಬಂದಂತಾದದ್ದು ಅದೊಂದೇ ಸಲ. ತುಟಿಯವರೆಗೆ ಬಂತು.

ದಸರಾ ಹತ್ತಿರವಾಯಿತು. ಮಾಲಕರು ಟೈಲ್ಸಿನ ಪೆಟ್ಟಿಗೆಗಳನ್ನು ತಂದು ಒಂದು ಗೋಡೆಗೆ ಒಟ್ಟಲು ಶುರುಮಾಡಿದ್ದರು. ಗುಜರಿಯವನು ಬಾಗಿಲಲ್ಲಿ ನಿಂತು ಗಾಡಿಯ ಬಾನೆಟ್ಟಿನ ಮೇಲೆ ಬೆರಳಿನಿಂದ ಬಡಿದು ದಪ್ಪ ನೋಡಿ ಹೋಗುತ್ತಿದ್ದ. ಕಿವಿ ಬೆಸೆದು, ಎಂಜಿನ್ ಇಳಿಸಿ, ಮಾವ ಡೀಸೆಲ್ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೊಯ್ದು ಹಾಕಿದ್ದ ಕಬ್ಬಿಣದ ತಟ್ಟೆ ತೆಗೆದ ಮೇಲೆ ಗೇರ್‌ಬಾಕ್ಸಿನ ತೂತುಗಳೆಲ್ಲ ತಂತಾವೇ ಎದುರಾದವು. ರಶೀದ್ ಬೋಲ್ಟುಗಳನ್ನು ಬರಿ ಬೆರಳಲ್ಲೇ ತಿರುಗಿಸಿದರು. "ಹೆಸರ ತಿಕ್ಕಿ ತೆಗೀಲೇನ್ರಿ ಭಾಭಿ?" ಎಂದು ಕೇಳಿದರು. ಬೇಡ ಎಂದೆ. ಆ ಎಂಜಿನ್ನಿಗೆ ಈಗ ಇರುವ ಗುರುತು ಅದೊಂದೇ.

ಅಮಾವಾಸ್ಯೆ ಕಳೆದ ಮೂರ್ನಾಲ್ಕು ದಿನಕ್ಕೆ, ಒಂದು ಮಧ್ಯಾಹ್ನ, ರಶೀದ್ ಕೀಲಿ ತಿರುಗಿಸಿದರು. ಎರಡು ಸಲ ಕೆಮ್ಮಿತು. ಮೂರನೆಯ ಸಲ ಹೊಗೆ ಬಂತು, ಆಮೇಲೆ ಅದೂ ನಿಂತಿತು. "ಆಗ್ಲಿಲ್ಲೇನ್ರಿ?" ಎಂದು ಕೇಳಿದೆ. ರಶೀದ್ ಕೈಸನ್ನೆಯಿಂದ ಕರೆದರು. ಚಹಾದ ಗಾಜಿನ ಲೋಟದಲ್ಲಿ ನೀರು ತುಂಬಿ ಬಾನೆಟ್ಟಿನ ಮೇಲೆ ಇಟ್ಟಿದ್ದರು. ನೀರು ಅಲುಗುತ್ತಿರಲಿಲ್ಲ. "ಚಾಲೂ ಅದ ಭಾಭಿ. ನಡೀಲಿಕ್ಕತ್ತದ. ಇದು ಹಿಂಗೇ ಸಪ್ಪಳ ಇಲ್ಲದ್ದು." ಅವರ ಕಣ್ಣಲ್ಲಿ ನೀರಿತ್ತು. "ಪ್ರಭಾಕರ್ ನೋಡಬೇಕಿತ್ತು" ಎಂದರು. ಕಿವಿಗೊಟ್ಟು ಕೇಳಿದೆ. ಹೊಲಿಗೆ ಮಷಿನ್ನು ಪಕ್ಕದ ಮನೆಯಲ್ಲಿ ಓಡುತ್ತಿದ್ದರೆ ಹೇಗೋ ಅಷ್ಟು. ಆಯಿತು, ಅವರ ಕೆಲಸ ಮುಗಿಯಿತು ಎಂದುಕೊಂಡೆ. ಈಗ ಏನಾದರೂ ಅನಿಸುತ್ತದೆ ಎಂದು ಕಾದೆ. ಎಂಜಿನ್ ಓಡುತ್ತಿತ್ತು. ನನ್ನೊಳಗೆ ಏನೂ ಓಡಲಿಲ್ಲ.

ಗಾಡಿ ತಾನೇ ಹೊರಗೆ ಬಂತು. ಮಾಲಕರು ಚಪ್ಪಾಳೆ ತಟ್ಟಿದರು, ಗುಜರಿಯವನು ಕೂಡ. ನಮ್ಮ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಅದಕ್ಕೆ ಜಾಗ ಆಯಿತು. ಭಾನುವಾರ ಭಾನುವಾರ ರಶೀದ್ ಬಂದು, ನಿಂತರೆ ಕೆಡುತ್ತದೆ ಎಂದು ಒಂದು ಸುತ್ತು ಒಯ್ದು ತರುತ್ತಿದ್ದರು. ಹೋಗುವುದೂ ಗೊತ್ತಾಗುತ್ತಿರಲಿಲ್ಲ, ಬರುವುದೂ ಗೊತ್ತಾಗುತ್ತಿರಲಿಲ್ಲ. ಹೊರಗೆ ಬಂದು ನೋಡಿದರೆ ಗಾಡಿ ಬಂದು ನಿಂತಿರುತ್ತಿತ್ತು. ಒಂದೆರಡು ಸಲ ಬೆಚ್ಚಿಬಿದ್ದೆ. "ಹಾರ್ನ್ ಹೊಡೀಬಾರದೇನ್ರಿ?" ಎಂದು ರೇಗಿದೆ. ಯಾಕೆ ಅಷ್ಟು ಸಿಟ್ಟು ಬಂತು ಎಂದು ರಶೀದರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಸುಜಾತಾ ಫೋನು ಮಾಡಿದಳು. ಬಾವಿಗೆ ಹೊಸ ಪೈಪು ಹಾಕಿ ಡೀಸೆಲ್ ಎಂಜಿನ್ ಕೂಡಿಸಿದ್ದಾರೆ, ಕಬ್ಬಿಗೆ ಮೊದಲ ನೀರು ಬಿಡುತ್ತಾರೆ, ಊಟಕ್ಕೆ ಬರಬೇಕು ಎಂದಳು. ರಶೀದ್ ಗಾಡಿ ತೆಗೆದರು. ತಣ್ಣನೆಯ ಬೆಳಗು. ಜೋಳ ಎದೆಯೆತ್ತರ ನಿಂತಿತ್ತು. ದಾರಿಯುದ್ದಕ್ಕೂ ಜನ ಜಹಾಜನ್ನು ಗುರುತು ಹಿಡಿದು ಕೈ ಎತ್ತಿದರು. ಡಾಬಕಾದಲ್ಲಿ ಸೋನಾಬಾಯಿ ಬಾನೆಟ್ಟು ಎತ್ತಿಸಿ ಮಗಳ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದರು. ರಶೀದ್, ಸುಜಾತಾ, ಅವಳ ಗಂಡ ಮೂವರೂ ಬಾವಿಯ ಕಡೆ ಹೋದರು. ನಾನು ಒಳಗೆ ಒಲೆಯ ಹತ್ತಿರ ಮಣೆಯ ಮೇಲೆ ಕೂತೆ. ಸೋನಾಬಾಯಿ ರೊಟ್ಟಿ ಬಡಿಯುತ್ತಾ ತಾಟು ಮುಂದಿಟ್ಟರು. ಪುಂಡಿಪಲ್ಯ, ಶೇಂಗಾ ಹಿಂಡಿ. ಸೋಯಾದ ದರದ ಮಾತಾಡುತ್ತಿದ್ದೆವು. ನಾನು ಎರಡನೆಯ ತುತ್ತು ಬಾಯಿಗೆ ಒಯ್ಯುತ್ತಿದ್ದೆ.

ಬಾವಿಯ ಕಡೆಯಿಂದ ದಡ್ ದಡ್ ದಡ್ ಎಂದು ಸಪ್ಪಳ ಬಂತು.

ನಾನು ತಾಟು ಸರಿಸಿ ಎದ್ದೆ. ಎಡಗೈಯಿಂದ ಅವರ ಗೋಡೆಯ ಹಲಗೆಯ ಮೇಲಿದ್ದ ಚಹಾದ ಪಾತ್ರೆ ಇಳಿಸಿದೆ. ಕೊಡದ ಮುಚ್ಚಳ ತೆಗೆದೆ.

"ಬಂದ್ರು" ಎಂದೆ.

ಸೋನಾಬಾಯಿಯ ಕೈ ರೊಟ್ಟಿಯ ಮೇಲೆ ನಿಂತಿತು. "ಯಾರ್ರಿ?"

ನಮ್ಮ ಓಣಿಯ ಮೂಲೆಯಲ್ಲಿ ಆ ಸಪ್ಪಳ ತಿರುಗಿದೊಡನೆ ನಾನು ಚಹಾಕ್ಕೆ ಇಡುತ್ತಿದ್ದೆ. ಅವರು ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಚಹಾ ಕುದಿದಿರುತ್ತಿತ್ತು. ಮದುವೆಯಾದಾಗಿನಿಂದ ದಿನಾ. ಅದೊಂದು ಅಭ್ಯಾಸ ಎಂದು ಕೂಡ ನನಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಗಾಡಿಗೆ ಅದರದೇ ಎಂಜಿನ್ ಕೂಡಿಸಬೇಕೆಂದು ಒಂದು ಮಳೆಗಾಲ ಪೂರ್ತಿ ಸೀಮೆಎಣ್ಣೆಯಲ್ಲಿ ಕೈ ಅದ್ದಿಕೊಂಡು ಕೂತವಳು, ಅವರು ಮನೆಗೆ ಬರುವ ಸಪ್ಪಳವನ್ನು ನಾನೇ ಗೂಡ್ಸ್ ಆಟೋದಲ್ಲಿ ಹಗ್ಗ ಬಿಗಿದು ಕಳಿಸಿದ್ದೆ.

ಪಾತ್ರೆ ಹಿಡಿದುಕೊಂಡು ನಿಂತಿದ್ದೆ. ಸಪ್ಪಳ ಹತ್ತಿರ ಬರಲಿಲ್ಲ. ಬಾವಿಯ ಹತ್ತಿರವೇ ನಿಂತು ಬಡಿಯುತ್ತಿತ್ತು. ಅದು ಬರುವುದಿಲ್ಲ, ಅವರು ಬರುವುದಿಲ್ಲ ಎಂದು ಆಗ ನನಗೆ ಗೊತ್ತಾಯಿತು. ಮಾರ್ಚಿನಲ್ಲಿ ಗೊತ್ತಾಗಬೇಕಾದದ್ದು. ಅಳು ಎಲ್ಲಿತ್ತೋ, ಹೊಟ್ಟೆಯ ತಳದಿಂದ ಕಿತ್ತುಕೊಂಡು ಬಂತು. ಅಲ್ಲೇ ಒಲೆಯ ಮುಂದೆ ಕುಸಿದು, ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ನಾಚಿಕೆ ಬಿಟ್ಟು, ದನಿ ತೆಗೆದು.

ಸೋನಾಬಾಯಿಗೆ ಅರ್ಥವಾಗಿರಬೇಕು. ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡು, ಬಾಗಿಲ ಕಡೆ ತಿರುಗಿ, "ಏ, ಎಂಜಿನ್ ಬಂದ್ ಮಾಡ್ರಿ" ಎಂದು ಕೂಗಲು ಬಾಯಿ ತೆರೆದರು. ನಾನು ಅವರ ಕೈ ಹಿಡಿದುಕೊಂಡೆ. "ಬ್ಯಾಡ್ರಿ. ಬಂದ್ ಮಾಡಬ್ಯಾಡ್ರಿ."

ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಎಷ್ಟು ಹೊತ್ತಾಯಿತೋ, ಸುಜಾತಾಳ ಗಂಡ ಕೆಸರುಗಾಲಲ್ಲೇ ಓಡಿ ಬಂದ. ಮಡಿ ತುಂಬಿ, ಬದು ಒಡೆದು, ನೀರು ಪಕ್ಕದವರ ಹೊಲಕ್ಕೆ ಹೋಗುತ್ತಿದೆ, ಬಂದ್ ಮಾಡಲೇ ಎಂದು ಕೇಳಿದ. ಸೋನಾಬಾಯಿ ನನ್ನ ತಲೆಯ ಮೇಲಿನ ಕೈ ತೆಗೆಯದೆ ಅವನಿಗೆ ಹೇಳಿದರು, "ಇರ್ಲಿ ಬಿಡಪ್ಪಾ. ಇನ್ನೊಂದು ಸ್ವಲ್ಪ ನಡೀಲಿ."